ಐದು ವ್ಯಾಟಿನ ವರ

ನಾನು ಹೇಳುವುದು ಸುಳ್ಳು ಅನ್ನಿಸಿದವರು ಬೈಲಹೊಂಗಲದ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಸಂಪಗಾಂವದ ಕಡೆ ಹೊರಟ ಯಾವುದಾದರೂ ಟಂಟಂ ಹತ್ತಿ, "ಆ ಗಾಜಿನ ಬುರುಡಿ ಹುಡುಗನ ಮನಿ ಎಲ್ಲೈತ್ರಿ?" ಎಂದು ಕೇಳಿನೋಡಲಿ. ನೇರ ನಮ್ಮ ಕಟ್ಟೆಯ ಮುಂದೆ ತಂದು ಇಳಿಸುತ್ತಾರೆ. ಒಳಗೆ ಬರ್ರಿ, ಕುಂದರ್ರಿ, ಚಹಾ ಕುಡೀರಿ, ಕಣ್ಣಿನಿಂದ ನೋಡಿ ಕಿವಿಯಿಂದ ಕೇಳ್ರಿ. ಆಮೇಲೆ ಸುಳ್ಳು ಅನ್ನುವ ಎದೆ ಇದ್ದರೆ ಅನ್ನಿರಿ.

ಬುರುಡೆ ಅಂದರೆ ವಾಲ್ವು. ಅಜ್ಜಂದಿರ ಕಾಲದ ರೇಡಿಯೋದೊಳಗೆ ಇರುತ್ತಿತ್ತಲ್ಲ, ಕರೆಂಟು ಕೊಟ್ಟರೆ ಕೆಂಡದಂತೆ ಕೆಂಪಗಾಗುವ ಗಾಜಿನ ಕೊಳವೆ, ಅದು. ಅಂಥ ವಾಲ್ವುಗಳನ್ನು ಹಾಕಿ, ಹೊಲದ ಪಂಪಿನ ಹಳೇ ಸ್ಟಾರ್ಟರ್ ಪೆಟ್ಟಿಗೆಯ ಮೇಲೆ ತೂತು ಕೊರೆದು, ಒಂದು ಆಂಪ್ಲಿಫೈಯರನ್ನು ನಾನು ಕೈಯಾರೆ ಕಟ್ಟಿದ್ದೇನೆ. ಫೋನಿನಲ್ಲಿ ವಿಡಿಯೋ ನೋಡಿ ಕಲಿತದ್ದು, ಗುರು ಇಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕೂ ತಾಲ್ಲೂಕಿನಲ್ಲಿ ಇದನ್ನು ಮಾಡಿದ ಗಂಡಸು ನಾನೊಬ್ಬನೇ. ಇದನ್ನು ಇದುವರೆಗೆ ಯಾರೂ ಅಲ್ಲಗಳೆದಿಲ್ಲ. ಯಾರೂ ಕೇಳಿಯೂ ಇಲ್ಲ, ಆ ಮಾತು ಬೇರೆ.

ಕಟ್ಟಲು ಕುಳಿತ ದಿನದಿಂದ ಒಂದಿಲ್ಲೊಂದು ಪ್ರಸಂಗ ನಡೆಯುತ್ತಲೇ ಬಂತು. ಕಟ್ಟಿ ಮುಗಿದ ಮೇಲಾದರೂ ನಿಂತೀತು ಅಂದುಕೊಂಡರೆ ಆಗ ಮತ್ತೂ ಹೆಚ್ಚಾಯಿತು. ಅದಕ್ಕೆ ಕಾರಣ ನಮ್ಮಪ್ಪ. ಒಂದು ದಿನ ಹೊಲದಿಂದ ಬಂದವರು ನನ್ನ ಮುಂದೆ ನಿಂತು ಹೇಳಿದರು:

"ನೋಡಪಾ, ಹೊಲಾ ಮಾಡೋ ಹುಡುಗ್ರಿಗೆ ಮೊದಲ ಯಾರೂ ಕನ್ಯಾ ಕೊಡವಲ್ರು. ಅದರಾಗ ನೀ ಇದೊಂದು ಹುಚ್ಚು ಹಚ್ಚಿಕೊಂಡಿ. ಈ ವರ್ಷ ನಿನ್ನ ಲಗ್ನ ಗಟ್ಟಿ ಆಗಲಿಲ್ಲಂದ್ರ ಈ ಪೆಟಗಿ ತಿಪ್ಪಿಗೆ ಹೋಗತೈತಿ. ನಾನಽ ಹೊತಗೊಂಡು ಹೋಗಿ ಒಗೀತೇನಿ."

ಹೀಗೆ ನನ್ನ ಲಗ್ನವೂ ನನ್ನ ಆಂಪ್ಲಿಫೈಯರೂ ಒಂದೇ ನೊಗಕ್ಕೆ ಬಿದ್ದವು.

ನೀರಿನಲ್ಲಿ ಪಾಸು

ಇಂಥ ಆಂಪ್ಲಿಫೈಯರಿಗೆ ಒಂದು ವಿಶೇಷ ಟ್ರಾನ್ಸ್‌ಫಾರ್ಮರ್ ಬೇಕು. ತೆಳು ತಂತಿಯನ್ನು ಲೆಕ್ಕಹಾಕಿ ಸುತ್ತಬೇಕು. ದೊಡ್ಡ ಊರಿನಿಂದ ತರಿಸಬಹುದಿತ್ತು. ಆದರೆ ನಮ್ಮ ಬೈಲಹೊಂಗಲದಲ್ಲಿ ತಂತಿ ಸುತ್ತುವವರಿಗೇನು ಬರವೇ? ಬೋರ್‌ವೆಲ್ ಮೋಟರು ಸುಟ್ಟರೆ ರಿವೈಂಡಿಂಗ್ ಮಾಡಿಕೊಡುವ ಹಿರಿಯರೊಬ್ಬರ ಅಂಗಡಿಗೆ ಹೋದೆ.

"ಎಷ್ಟು ಎಚ್‌ಪಿ?" ಅಂದರು.

"ಐದು ವ್ಯಾಟ್ ರೀ ಕಾಕಾ."

"ಐದು ಎಚ್‌ಪಿ ಅನ್ನಪಾ ಸರಿಯಾಗಿ."

"ಎಚ್‌ಪಿ ಅಲ್ರೀ. ವ್ಯಾಟ್."

ಕೈಯಲ್ಲಿದ್ದ ತಾಮ್ರದ ತಂತಿಯನ್ನು ಕೆಳಗಿಟ್ಟರು. "ತಮ್ಮಾ, ದೇವರ ಮನ್ಯಾಗಿನ ಸಣ್ಣ ಬಲ್ಬು ಸೈತ ಇದಕ್ಕಿಂತ ಹೆಚ್ಚು ತಿಂತೈತಿ. ಇಷ್ಟರಾಗ ಏನ್ ಎತ್ತತೀ?"

"ಹಾಡು ಎತ್ತತೇನ್ರಿ."

ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. ಆದರೂ ಒಪ್ಪಿಕೊಂಡರು, ಸುತ್ತು ಎಣಿಸಿ ಅಚ್ಚುಕಟ್ಟಾಗಿ ಸುತ್ತಿದರು. ಹೇಳಿದ ದಿನ ಹೋದೆ. ಮೇಜಿನ ಮೇಲೆ ನನ್ನ ಟ್ರಾನ್ಸ್‌ಫಾರ್ಮರ್ ಇಲ್ಲ.

"ಎಲ್ಲೈತ್ರಿ?"

"ಅಲ್ಲೇ, ಬ್ಯಾರಲ್‌ನ್ಯಾಗ."

ಓಡಿಹೋಗಿ ನೋಡಿದರೆ ಅಂಗಡಿಯ ಮೂಲೆಯ ನೀರಿನ ಬ್ಯಾರಲ್ಲಿನ ತಳದಲ್ಲಿ ಅದು ತಣ್ಣಗೆ ಕುಳಿತಿದೆ. ಬೋರಿಗೆ ಇಳಿಯುವ ಮೋಟರಿನ ವೈಂಡಿಂಗನ್ನು ಹಾಗೆ ಮುಳುಗಿಸಿಯೇ ಪರೀಕ್ಷೆ ಮಾಡುತ್ತಾರೆ, ನಿಜ. ಆದರೆ ಇದು?

"ಕಾಕಾ, ಇದು ಬೋರಿನ್ಯಾಗ ಇಳಿಯೂದಲ್ರೀ! ಪಡಸಾಲ್ಯಾಗ ಕುಂದ್ರೂದು!"

"ಎಲ್ಲೆರೆ ಕುಂದರ್ಲಿ," ಅಂದರು ಕಾಕಾ ಶಾಂತವಾಗಿ. "ನನ್ನ ಅಂಗಡಿಯಿಂದ ನೀರಾಗ ಮುಳುಗದ ಮಾಲು ಹೊರಗ ಹೋಗಿಲ್ಲ. ಹೋಗೂದೂ ಇಲ್ಲ. ತಗೋ, ಪಾಸಾಗೇತಿ."

ಮನೆಯ ಮಾಳಿಗೆಯ ಮೇಲೆ ಅವ್ವನ ಹಪ್ಪಳದ ಪಕ್ಕದಲ್ಲಿ ಅದನ್ನು ಒಣಗಲು ಇಟ್ಟೆ. ಹಪ್ಪಳ ಒಣಗಿ ಡಬ್ಬಿ ಸೇರಿ, ಅರ್ಧ ಡಬ್ಬಿ ಖಾಲಿಯಾದ ಮೇಲೆ ಇದು ಒಣಗಿತು. ಆದರೆ ಜಬರ್‌ದಸ್ತ್ ಕೆಲಸ ಮಾಡಿತು, ಸುಳ್ಳೇಕೆ ಹೇಳಲಿ. ಖುಷಿಯಲ್ಲಿ ಕಾಕಾನಿಗೆ ಫೋನು ಮಾಡಿದೆ: "ಕಾಕಾ, ಚಾಲೂ ಆತ್ರಿ!"

ಆ ಕಡೆಯಿಂದ ದನಿ ಬಂತು: "ಭೇಷ್! ಎಷ್ಟು ಇಂಚು ನೀರು?"

ಯಾರದ ಮದುವಿ?

ವಾಲ್ವು ಸಿಕ್ಕಿದ್ದು ರಾಮದುರ್ಗದಲ್ಲಿ. ಅಲ್ಲಿ ಒಂದು ಕಾಲಕ್ಕೆ ಸುತ್ತಲ ಹಳ್ಳಿಗಳಿಗೆಲ್ಲ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದ ಅಜ್ಜನೊಬ್ಬ ಇದ್ದಾನೆ ಎಂದು ಗೊತ್ತಾಯಿತು. ಈಗ ಡಿಜೆ ಬಂದು ಅವನ ಧಂದೆ ಮುಚ್ಚಿದೆ. ಹುಡುಕಿಕೊಂಡು ಹೋದೆ. ನಾನು ಬಾಯಿ ತೆಗೆಯುವ ಮೊದಲೇ ಅಜ್ಜ ಕೇಳಿದ:

"ಯಾರದ ಮದುವಿ?"

"ಮದುವಿ ಇಲ್ಲಜ್ಜಾ. ವಾಲ್ವು ಬೇಕಾಗಿದ್ದೂ."

"ಹಂಗಾರ ಕೂಸಿನ ಜವಳಾ ಏನು?"

"ಅಲ್ಲಜ್ಜಾ. ಹಾಡು ಕೇಳಾಕ."

"ಯಾರು ಯಾರು ಕೇಳಾವರು?"

"ನಾನು."

"ಮತ್ತ?"

"ನಾ ಒಬ್ಬನ."

ಜೀವಮಾನವೆಲ್ಲ ಊರಿಗೆ ಊರೇ ಕೇಳುವಂತೆ ಹಾಡು ಹಚ್ಚಿದ ಮನುಷ್ಯನಿಗೆ ಇದು ತಿಳಿಯಲೇ ಇಲ್ಲ. ಎದ್ದು ಒಳಗೆ ಹೋಗಿ, ಹಳೇ ಧೋತರದ ತುಂಡಿನಲ್ಲಿ ಸುತ್ತಿಟ್ಟಿದ್ದ ವಾಲ್ವುಗಳನ್ನು ತಂದು ನನ್ನ ಉಡಿಗೆ ಹಾಕಿದ. ದುಡ್ಡು ಮುಟ್ಟಲಿಲ್ಲ. ಬಾಗಿಲ ತನಕ ಬಂದು ಹೆಗಲ ಮೇಲೆ ಕೈ ಇಟ್ಟ.

"ತಮ್ಮಾ, ಮೊದಲ ಮದುವಿ ಮಾಡಿಕೋ. ಒಬ್ಬನ ಕುಂತು ಹಾಡು ಕೇಳೂ ಹುಕಿ ಆಮ್ಯಾಲೆ ತಾನಽ ಬರತೈತಿ."

ಉರಿಯುವುದೆಲ್ಲ ದೀಪ

ಆಂಪ್ಲಿಫೈಯರನ್ನು ಪಡಸಾಲೆಯಲ್ಲಿ ಇಟ್ಟೆ. ಇಂಥದ್ದನ್ನು ಒಳಕೋಣೆಯಲ್ಲಿ ಮುಚ್ಚಿಡಲು ನಾನೇನು ಕಳ್ಳನೇ? ಮೊದಲ ದಿನ ಮಧ್ಯಾಹ್ನವೆಲ್ಲ ಕೇಳಿದೆ. ಸಂಜೆಯಾಯಿತು, ಬಂದ್ ಮಾಡೋಣ ಎಂದು ಸ್ವಿಚ್ಚಿಗೆ ಕೈ ಹಾಕಿದೆ. ಹಿಂದಿನಿಂದ ಅಜ್ಜಿ ಗುಡುಗಿದಳು.

"ಏ ಮಂಗ್ಯಾ! ದೀಪಾ ಹಚ್ಚೂ ಹೊತ್ತಿನ್ಯಾಗ ದೀಪಾ ತಗೀತಿ ಏನು?"

"ಇದು ದೀಪ ಅಲ್ಲಬೇ, ವಾಲ್ವು."

"ಉರಿಯಾಕತ್ತೈತಿಲ್ಲೋ?"

"ಉರಿಯಾಕತ್ತೈತಿ."

"ಉರಿಯೂದಕ್ಕ ದೀಪ ಅಂತಾರ."

ಇದಕ್ಕೆ ಉತ್ತರ ಯಾವ ವಿಡಿಯೋದಲ್ಲೂ ಇಲ್ಲ. ಬಹಳ ಹೊತ್ತು ಉರಿಸಿದರೆ ವಾಲ್ವಿನ ಆಯುಷ್ಯ ಕಡಿಮೆಯಾಗುತ್ತದೆ ಅಂದೆ. "ಸಂಜೀ ಮುಂದ ಆರಿಸಿದ್ರ ಮನಿ ಆಯುಷ್ಯ ಕಡಿಮಿ ಆಗತೈತಿ" ಅಂದಳು. ಅಂದಿನಿಂದ ನಮ್ಮಲ್ಲಿ ಹೊತ್ತು ಮುಳುಗುವಾಗ ದೇವರ ಮುಂದೆ ಒಂದು, ತುಳಸಿಗೆ ಒಂದು, ನನ್ನ ಆಂಪ್ಲಿಫೈಯರಿನಲ್ಲಿ ನಾಲ್ಕು ದೀಪ. ಹಾಡು ಇರಲಿ ಬಿಡಲಿ, ಊಟವಾಗುವ ತನಕ ಆರಿಸುವಂತಿಲ್ಲ. ಟ್ರಾನ್ಸ್‌ಫಾರ್ಮರಿನ ಹಣೆಗೆ ವಿಭೂತಿಯೂ ಬಿತ್ತು.

ಈಗ ಸಂಜೆ ಬಂದವರೆಲ್ಲ ಚಪ್ಪಲಿ ಬಿಟ್ಟು ಮೊದಲು ಅದಕ್ಕೆ ಕೈ ಮುಗಿಯುತ್ತಾರೆ. ಪಕ್ಕದಲ್ಲಿ ಅದನ್ನು ಕಟ್ಟಿದವನು ಎದೆ ಉಬ್ಬಿಸಿಕೊಂಡು ನಿಂತಿರುತ್ತಾನೆ. ಅವನಿಗೆ, "ಸ್ವಲ್ಪ ಸರದು ನಿಂದ್ರಪಾ" ಅನ್ನುತ್ತಾರೆ.

ಒಂದು ಕಡೆ ಹಾಡು, ಒಂದು ಕಡೆ ಊರು

ಕೈಯಿಂದ ಕಟ್ಟಿದ ಆಂಪ್ಲಿಫೈಯರಿಗೆ ಒಂದು ರೋಗ ಇರುತ್ತದೆ. ಹಾಡಿಲ್ಲದಾಗಲೂ ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು. ನನ್ನದರಲ್ಲೂ ಇತ್ತು, ಮತ್ತು ಜೋರಾಗಿಯೇ ಇತ್ತು. ನಮ್ಮ ಕಡೆ ಹೊಲದ ಪಂಪುಗಳಿಗೆ ತ್ರೀ ಫೇಜ್ ಕರೆಂಟು ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ. ಅದು ಬಂದು ಪಂಪುಗಳು ಒಮ್ಮೆಗೇ ಎದ್ದ ಕೂಡಲೇ ಮನೆಯ ಲೈನಿನ ವೋಲ್ಟೇಜು ಕುಸಿದು ನನ್ನ ಗುಂಯ್ ಇದ್ದಕ್ಕಿದ್ದಂತೆ ದನಿ ಬದಲಿಸಿ ಗೊಗ್ಗರಾಗುತ್ತಿತ್ತು.

ಇದನ್ನು ಮೊದಲು ಪತ್ತೆ ಹಚ್ಚಿದವನು ಎದುರು ಮನೆಯವ. ಕಟ್ಟೆಯ ಮೇಲೆ ಕುಳಿತವನು ಗುಂಯ್ ಬದಲಾದ ಕೂಡಲೇ ಟವೆಲ್ ಝಾಡಿಸಿ, "ಬಂತು!" ಎಂದು ತೋಟಕ್ಕೆ ಓಡಿದ. ಮರುದಿನದಿಂದ ನಮ್ಮ ಕಟ್ಟೆಯ ಮೇಲೆ ಗಂಡಸರ ಸಾಲೇ ಸಾಲು. ನಾನೂ ಹಿಗ್ಗಿದೆ. ಊರಿಗೆ ಕಡೆಗೂ ಒಳ್ಳೆಯ ಸಂಗೀತದ ರುಚಿ ಹತ್ತಿತು ಅಂದುಕೊಂಡೆ. ಹಾಡು ಹಚ್ಚಿದರೆ, "ಏ, ಅದನ್ನ ಬಂದ್ ಮಾಡೋ, ಗುಂಯ್ ಕೇಳವಲ್ದು" ಅಂದರು.

ಸಿಟ್ಟಿಗೆ ಎರಡು ದಿನ ಕುಳಿತು, ಹೊಸ ಕೆಪಾಸಿಟರ್ ಹಾಕಿ ಗುಂಯ್ ಅನ್ನು ಬುಡಸಹಿತ ಕಿತ್ತು ಹಾಕಿದೆ. ಸೂಜಿ ಬಿದ್ದರೆ ಕೇಳುವಷ್ಟು ನಿಶ್ಶಬ್ದ. ಮೀಸೆ ತಿರುವಿಕೊಂಡೆ. ಸಂಜೆಗೆ ಊರ ಹಿರಿಯರು ನಮ್ಮಪ್ಪನ ಮುಂದೆ ಕುಳಿತಿದ್ದರು.

"ನಿನ್ನ ಮಗಾ ಏನೋ ಕೆಡಿಸ್ಯಾನ. ಇವತ್ತ ಕರೆಂಟು ಬಂದದ್ದು ಯಾರಿಗೂ ಗೊತ್ತಾಗಿಲ್ಲ. ಅರ್ಧಾ ಊರಿನ ಕಬ್ಬು ಒಣಗ್ಯಾವು. ಮೊದಲಿನಂಗ ಮಾಡಂತ ಹೇಳು."

ರಿಪೇರಿ ಮಾಡಿದ್ದಕ್ಕೆ ಪಂಚಾಯಿತಿ ಕೂಡಿದ್ದು ನನ್ನೊಬ್ಬನ ಮೇಲೇ ಇರಬೇಕು. ಈಗ ಪೆಟ್ಟಿಗೆಯ ಹಿಂದೆ ಒಂದು ಸ್ವಿಚ್ ಇಟ್ಟಿದ್ದೇನೆ. ಒಂದು ಕಡೆ ಒತ್ತಿದರೆ ಹಾಡು, ಇನ್ನೊಂದು ಕಡೆ ಒತ್ತಿದರೆ ಊರು.

ಕಿತ್ತೂರಿನವರು

ಅಷ್ಟರಲ್ಲಿ ಕಿತ್ತೂರ ಕಡೆಯಿಂದ ಹೆಣ್ಣಿನವರು ಮನೆ ನೋಡಲು ಬಂದರು. ನನಗೆ ಅವಕಾಶ ಸಿಕ್ಕಿತು. ಉಪ್ಪಿಟ್ಟು ಬರುವ ಮೊದಲೇ ಹುಡುಗಿಯ ಅಪ್ಪನ ಕೈ ಹಿಡಿದು ಆಂಪ್ಲಿಫೈಯರಿನ ಮುಂದೆ ನಿಲ್ಲಿಸಿದೆ.

"ನೋಡ್ರಿ ಮಾವಾರ, ಸಾದಾ ಮಾಲಲ್ಲಿದು. ಒಳಗ ಮುನ್ನೂರು ವೋಲ್ಟ್ ಓಡಾಡತೈತಿ!"

"ಹೌದೇನಪಾ? ಮುಟ್ಟಿದ್ರ?"

"ಮುಟ್ಟಿದ್ರ ಖಲಾಸ್!" ಅಂದೆ, ಹೆಮ್ಮೆಯಿಂದ. "ಬಂದ್ ಮಾಡಿದ ಮ್ಯಾಲೂ ಸ್ವಲ್ಪ ಹೊತ್ತು ಒಳಗ ಕರೆಂಟ್ ಹಿಡಕೊಂಡು ಕುಂತಿರತೈತ್ರಿ. ಗೊತ್ತಿಲ್ಲದವರು ಕೈ ಹಾಕಿದ್ರ ಒಗದುಬಿಡತೈತಿ!"

ಅವರು ಎರಡು ಹೆಜ್ಜೆ ಹಿಂದೆ ಸರಿದು ಟವೆಲ್ ಹೆಗಲಿಗೆ ಹಾಕಿಕೊಂಡರು. ನಮ್ಮಪ್ಪನಿಗೆ ಕೈ ಮುಗಿದು ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ.

"ತಪ್ಪು ತಿಳೀಬ್ಯಾಡ್ರಿ. ನಮ್ಮ ಹುಡುಗಿ ದಿನಾ ಮುಂಜಾನೆದ್ದು ಈ ಪಡಸಾಲಿ ಕಸಾ ಹೊಡೀಬೇಕಲ್ರೀ?"

ಉಪ್ಪಿಟ್ಟು ನಾವೇ ತಿಂದೆವು.

ಮನೋಳಿಯವರು

ವರ್ಷ ಮುಗಿಯುತ್ತ ಬಂದಿತ್ತು. ಸವದತ್ತಿ ತಾಲ್ಲೂಕಿನ ಮನೋಳಿಯಿಂದ ಇನ್ನೊಂದು ಮನೆಯವರು ಬರುವವರಿದ್ದರು. ಅಪ್ಪ ಬೆಳಿಗ್ಗೆಯೇ ಆಂಪ್ಲಿಫೈಯರಿನ ಮೇಲೆ ದುಪ್ಪಡಿ ಹೊದಿಸಿ ನನ್ನನ್ನು ಕರೆದರು.

"ಇದು ಕಡೀ ಸಲ. ಅವರು ಹೋಗೂತನಕಾ ನೀ ಬಾಯಿ ತಗೀಬಾರದು. ಒಂದು ಮಾತು ಹೊರಗ ಬಿತ್ತಂದ್ರ ತಿಪ್ಪಿ. ತಿಳೀತ?"

ತಿಳೀತು ಅನ್ನಲು ಬಾಯಿ ತೆಗೆದೆ. ಅಪ್ಪ ತಿಪ್ಪೆಯ ಕಡೆ ಬೆರಳು ತೋರಿಸಿದರು. ಮುಚ್ಚಿದೆ.

ಅವರು ಬಂದದ್ದು ಸಂಜೆ. ಹುಡುಗಿಯ ಅಪ್ಪ, ಜೊತೆಗೆ ಅವರ ತಂಗಿ. ತಂಗಿಯೇ ಸರದಾರಳೆಂದು ನೋಡಿದ ಕೂಡಲೇ ಗೊತ್ತಾಯಿತು. ಎಲ್ಲರೂ ಕುಳಿತರು. ಅಷ್ಟರಲ್ಲಿ ಅಜ್ಜಿ ಬಂದು, "ದೀಪದ ಮ್ಯಾಲೆ ಯಾರರ ದುಪ್ಪಡಿ ಹೊಚ್ಚತಾರೇನು?" ಎಂದು ಬೈಯುತ್ತ ಹೊದಿಕೆ ಎಳೆದು ಸ್ವಿಚ್ ಒತ್ತಿದಳು. ವಾಲ್ವುಗಳು ಮೆಲ್ಲಗೆ ಕೆಂಪಗಾದವು.

"ಇದೇನು ತಮ್ಮಾ?" ಎಂದು ಹುಡುಗಿಯ ಅಪ್ಪ ನನ್ನನ್ನು ಕೇಳಿದರು.

ಆಹಾ, ಎಂಥ ಪ್ರಶ್ನೆ! ಇದಕ್ಕೆ ಉತ್ತರ ಹೇಳಲೆಂದೇ ಹುಟ್ಟಿದವನು ನಾನು. ಅಪ್ಪನ ಮುಖ ನೋಡಿದೆ. ತಲೆ ತಗ್ಗಿಸಿದೆ.

"ನೀನ ಮಾಡಿದ್ದೇನು?"

ಹಲ್ಲು ಕಚ್ಚಿ ನೆಲ ನೋಡಿದೆ. ಹಣೆಯಲ್ಲಿ ಬೆವರು ಇಳಿಯಿತು. ಇಷ್ಟು ಮಾತನ್ನು ಒಮ್ಮೆಗೇ ನುಂಗಿದ್ದಕ್ಕೆ ಕಣ್ಣಲ್ಲಿ ನೀರೂ ಬಂತು.

ಅವರ ತಂಗಿ ನಮ್ಮವ್ವನ ಕಡೆ ತಿರುಗಿದರು. "ಹುಡುಗಗ ಚಟಾ ಏನೇನ್ ಅದಾವ್ರಿ? ಖರೇ ಹೇಳ್ರಿ."

ಅವ್ವ ಹೆದರಿಕೊಂಡು, "ಇದೊಂದ ಐತ್ರಿ" ಎಂದು ಆಂಪ್ಲಿಫೈಯರಿನ ಕಡೆ ಕೈ ಮಾಡಿದಳು.

"ಕುಡಿಯೂದು?"

"ಇಲ್ರಿ."

"ಗುಟಕಾ? ಇಸ್ಪೀಟು?"

"ಇಲ್ರಿ. ಇದನ್ನ ಬಿಟ್ಟು ಏಳಾಕ ಎಲ್ಲಿ ಪುರಸೊತ್ತು ಐತ್ರಿ ಅವಂಗ?"

"ಮತ್ತ ಸಂಜೀ ಮುಂದ ಎಲ್ಲಿಗೆ ಹೋಗತಾನು?"

"ಎಲ್ಲೂ ಹೋಗಂಗಿಲ್ರಿ. ಇದರ ಮುಂದ ಕುಂದರತಾನು. ಕುಂತು ಅದನ್ನ ನೋಡತಾನು."

ಮನೋಳಿಯ ಆ ತಾಯಿ ವಿಭೂತಿ ಹಚ್ಚಿಕೊಂಡ ಟ್ರಾನ್ಸ್‌ಫಾರ್ಮರ್ ನೋಡಿದರು, ಕೆಂಪಗೆ ಉರಿಯುವ ವಾಲ್ವು ನೋಡಿದರು, ತಲೆ ತಗ್ಗಿಸಿ ಕಣ್ಣೀರು ತುಂಬಿಕೊಂಡ ನನ್ನನ್ನು ನೋಡಿದರು. ಅಣ್ಣನ ಕಡೆ ತಿರುಗಿ ತೀರ್ಪು ಕೊಟ್ಟರು.

"ಅಣ್ಣಾ, ಚಟಾ ಇಲ್ಲ, ತಿರುಗೂದಿಲ್ಲ, ಎದುರು ಮಾತಿಲ್ಲ. ಸಂಜೀ ಮುಂದ ದೀಪದ ಮುಂದ ಕುಂದ್ರೂ ಹುಡುಗ. ಈ ಕಾಲದಾಗ ಇಂಥಾ ಭಕ್ತಿವಂತ ಎಲ್ಲಿ ಸಿಗತಾನ?"

ನಮ್ಮಪ್ಪನಿಗೆ ಚಹಾ ನೆತ್ತಿಗೆ ಹತ್ತಿತು.

ಆ ತಂಗಿಯೇ ಅಲ್ಲೇ ಹುಡುಗಿಗೆ ಫೋನು ಹಚ್ಚಿ, ಕಂಡದ್ದನ್ನೆಲ್ಲ ಹೇಳಿ ನನ್ನ ಕೈಗೆ ಕೊಟ್ಟರು. ಆ ಕಡೆಯಿಂದ ಹುಡುಗಿ ಕೇಳಿದಳು: "ನೀವು ಮಾತಾಡೂದಽ ಇಲ್ಲಂತ, ಹೌದೇನ್ರಿ?"

ಅಪ್ಪ ನೋಡುತ್ತಿದ್ದರು. "ಹೂಂ" ಅಂದೆ. ನನ್ನ ಜೀವಮಾನದ ಅತಿ ಸಣ್ಣ ಭಾಷಣ ಅದು.

"ಇರ್ಲಿ ಬಿಡ್ರಿ. ಆ ಕೆಲಸಾ ನಾ ನೋಡಿಕೋತೇನಿ" ಅಂದಳು. ಅಂದಂತೆಯೇ ನೋಡಿಕೊಳ್ಳುತ್ತಿದ್ದಾಳೆ, ಅದರಲ್ಲಿ ಮೋಸವಿಲ್ಲ.

ಮದುವೆ ಮನೋಳಿಯಲ್ಲೇ ಆಯಿತು. ಅಕ್ಕಿಕಾಳು ಬಿದ್ದ ಮೇಲೆ ಮಾವನವರು ಮೈಕ್ ಹಿಡಿದು ಇಡೀ ಮಂಟಪಕ್ಕೆ ಕೇಳುವಂತೆ ಹೇಳಿದರು: "ನಮ್ಮ ಅಳಿಯಾರಿಗೆ ಹಾಡಂದ್ರ ಜೀವ. ಪಾಪ, ಇಷ್ಟು ದಿನಾ ಸ್ಟಾರ್ಟರ್ ಪೆಟಗ್ಯಾಗ ಹೆಂಗೋ ದಿನಾ ಕಳದಾರ. ಇನ್ನ ಮ್ಯಾಲೆ ಆ ತ್ರಾಸು ಬ್ಯಾಡ." ಬಣ್ಣದ ಕಾಗದ ಸುತ್ತಿದ ದೊಡ್ಡ ಡಬ್ಬಿಯೊಂದನ್ನು ನನ್ನ ತೊಡೆಯ ಮೇಲೆ ಇಟ್ಟರು. ಎಲ್ಲರೂ ಚಪ್ಪಾಳೆ ಹೊಡೆದರು. ನಮ್ಮಪ್ಪ ಎಲ್ಲರಿಗಿಂತ ಜೋರಾಗಿ ಹೊಡೆದರು.

ಹೆಣ್ಣು ಕೊಟ್ಟರು. ಅದರ ಜೊತೆಗೆ ಕೆಂಪು, ಹಸಿರು, ನೀಲಿ ಲೈಟು ಮಿಣುಕುವ ಒಂದು ಬ್ಲೂಟೂತ್ ಸ್ಪೀಕರ್ ಕೊಟ್ಟರು.