ಐದು ವರ್ಷದ ಮೇಲೆ ಊರಿಗೆ ಹೋದದ್ದು

ಊರು ಬಿಟ್ಟವರು ಊರಿಗೆ ಹೋದಾಗಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ನಾನು ಅಮೆರಿಕದ ಎಲಿಕಾಟ್ ಸಿಟಿಯ ಔಷಧಿ ಅಂಗಡಿಯೊಂದರಲ್ಲಿ ಕೆಲಸ ಮಾಡುವವಳು. ಮೊದಲು ಕೋವಿಡ್, ಆಮೇಲೆ ರಜೆ ಸಿಗಲಿಲ್ಲ, ಆಮೇಲೆ ಕಾರಣವೇ ಇಲ್ಲದೆ ಐದು ವರ್ಷ ಕಳೆಯಿತು. ಕೊನೆಗೂ ನನಗೂ ಮಗಳಿಗೂ ಟಿಕೆಟ್ ಬುಕ್ ಮಾಡಿದೆ. ಎಡವಟ್ಟು ಹೊರಡುವ ಮುಂಚೆಯೇ ಶುರುವಾಯಿತು.

೧. ತಜ್ಞರ ಸಲಹೆ

ನಮ್ಮಲ್ಲಿಂದ ಒಂದು ಗಂಟೆ ದೂರದ ಸ್ಟರ್ಲಿಂಗ್‌ನಲ್ಲಿ ನಮಗೆ ಪರಿಚಯದ ಒಬ್ಬ ಅಂಕಲ್ ಇದ್ದಾರೆ. ಇಪ್ಪತ್ತು ವರ್ಷದಿಂದ ಅವರು ಊರಿನ ಕಡೆ ತಲೆ ಹಾಕಿಲ್ಲ. ಹಾಗಾಗಿ ಭಾರತದ ಬಗ್ಗೆ ಅವರಿಗೆ ಗೊತ್ತಿಲ್ಲದ್ದೇ ಇಲ್ಲ. ಅವರ ಬೇಸ್‌ಮೆಂಟಿನಲ್ಲಿ ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್ ಊಟ ನಡೆದಿತ್ತು. ನನ್ನನ್ನು ಪಕ್ಕಕ್ಕೆ ಕರೆದು, "ಒಂದ್ರೂಪಾಯಿ ಕಾಯಿನ್ಸ್ ಇಟ್ಕೊಳಮ್ಮ, ಫೋನ್ ಬೂತಿಗೆ ಬೇಕಾಗತ್ತೆ. ಕರೆಂಟ್ ಅಂತೂ ಅಲ್ಲಿ ಇರೋದೇ ಇಲ್ಲ," ಎಂದು ತಮ್ಮದೇ ಟಾರ್ಚನ್ನು ನನ್ನ ಬ್ಯಾಗಿಗೆ ತುರುಕಿದರು.

ಹೊರಗೆ ಗುಡುಗಿತು. ಬೇಸ್‌ಮೆಂಟ್ ಪೂರ್ತಿ ಕತ್ತಲಾಯಿತು. ಆಮೇಲೆ ಅಂಕಲ್ ದನಿ ಮೆಲ್ಲಗೆ ಕೇಳಿತು: "ಅಮ್ಮಾ, ಆ ಟಾರ್ಚ್ ಸ್ವಲ್ಪ ಕೊಡ್ತೀಯಾ?"

೨. ಬಾದಾಮಿ

ಮೈಸೂರಿನಲ್ಲಿ ದೊಡ್ಡಮ್ಮನ ಮುಂದೆ ಸೂಟ್‌ಕೇಸ್ ಬಿಚ್ಚಿ, ಎರಡು ಕೆ.ಜಿ. ಬಾದಾಮಿಯನ್ನು ಏನೋ ನಿಧಿ ಕೊಟ್ಟ ಹಾಗೆ ಕೈಗಿಟ್ಟೆ. ಎಪ್ಪತ್ತೆಂಟು ವರ್ಷದ ದೊಡ್ಡಮ್ಮ ಕನ್ನಡಕ ಏರಿಸಿ, ಮೊದಲು ಎಕ್ಸ್‌ಪೈರಿ ಡೇಟ್ ನೋಡಿದರು.

"ಅಯ್ಯೋ, ಇದನ್ಯಾಕೆ ಹೊತ್ಕೊಂಡ್ ಬಂದೆ?" ಎಂದು ಫೋನ್ ತೆಗೆದು ಎರಡು ಸಲ ಒತ್ತಿದರು. ನಾನು ಕಾಫಿ ಮುಗಿಸುವಷ್ಟರಲ್ಲಿ ಬಾಗಿಲ ಗಂಟೆ ಸದ್ದು ಮಾಡಿತು. ಬಂದದ್ದು ಅದೇ ಕ್ಯಾಲಿಫೋರ್ನಿಯಾ ಬಾದಾಮಿ.

"ನೋಡು, ನಿಮ್ಮ ಅಮೆರಿಕದ್ದೇ. ಹತ್ತೇ ನಿಮಿಷಕ್ಕೆ ಬಂತು. ನಿಂಗ್ಯಾಕೆ ಐದು ವರ್ಷ ಬೇಕಾಯ್ತು?"

೩. ಕನ್ನಡ ಕ್ಲಾಸು

ಪ್ರತಿ ಭಾನುವಾರ ನಲವತ್ತು ನಿಮಿಷ ಡ್ರೈವ್ ಮಾಡಿ ನಮ್ಮ ಹತ್ತು ವರ್ಷದ ಮಗಳನ್ನು ಕನ್ನಡ ಕ್ಲಾಸಿಗೆ ಬಿಡುತ್ತೇನೆ. ಅವಳು ಅತ್ತರೂ ಬಿಡುತ್ತೇನೆ. ಅದೆಲ್ಲ ಸಾರ್ಥಕವಾಗುವ ಗಳಿಗೆ ದೊಡ್ಡಮ್ಮನ ಮನೆಯಲ್ಲಿ ಬಂತು. ಅವರ ಸೊಸೆ ತನ್ನ ಮಗಳನ್ನು ಮುಂದೆ ತಳ್ಳಿದಳು. ನಮ್ಮವಳು ಕೈ ಮುಗಿದು, ಪಾಠ ಒಪ್ಪಿಸುವಂತೆ, "ನಮಸ್ಕಾರ. ನಿನಗೆ ಯಾವ ಆಟ ಇಷ್ಟ?" ಎಂದಳು.

ಆ ಹುಡುಗಿ ಗಾಬರಿಯಿಂದ ಅಮ್ಮನ ಹಿಂದೆ ಅವಿತುಕೊಂಡಿತು. "ಮಮ್ಮಿ, ವೈ ಈಸ್ ಶಿ ಟಾಕಿಂಗ್ ಲೈಕ್ ಅಜ್ಜಿ?"

ಆ ಅಮ್ಮನಿಗೆ ಒಂದಿಷ್ಟೂ ಸಂಕೋಚವಿಲ್ಲ. "ಮುಂದಿನ ಸಮ್ಮರ್‌ಗೆ ಇವಳನ್ನ ನಿಮ್ಮಲ್ಲಿಗೆ ಕಳಿಸ್ತೀನಿ ಅಕ್ಕ. ಅಮೆರಿಕದಲ್ಲಿದ್ದು ಸ್ವಲ್ಪ ಕನ್ನಡ ಕಲೀಲಿ."

೪. ಗೇಟು

ಮಗಳನ್ನು ದೊಡ್ಡಮ್ಮನ ಹತ್ತಿರ ಬಿಟ್ಟು, ತಮ್ಮನಿಗೆ ಸರ್‌ಪ್ರೈಸ್ ಕೊಡೋಣ ಅಂತ ಹೇಳಿದ್ದಕ್ಕಿಂತ ಒಂದು ದಿನ ಮುಂಚೆಯೇ ಬೆಂಗಳೂರಿಗೆ ಹೋದೆ. ಅವನದು ಹದಿನೆಂಟನೇ ಮಹಡಿಯ ಫ್ಲ್ಯಾಟು, ವರ್ಕ್ ಫ್ರಂ ಹೋಮು. ಗೇಟಿನಲ್ಲಿ ಮೀಸೆ ನರೆತ ಸೆಕ್ಯುರಿಟಿಯವರು, ಯಾರೇ ಬಂದರೂ ಫ್ಲ್ಯಾಟಿನವರಿಗೆ ತಿಳಿಸುವ ಆಪ್ ತೆರೆದು, ಫೋನ್ ಹಿಡಿದು ನಿಂತಿದ್ದರು.

"ಗೆಸ್ಟಾ, ಡೆಲಿವರಿಯಾ, ಮನೆಕೆಲಸದವರಾ?"

"ಅಕ್ಕ."

"ಅಕ್ಕ ಅಂತ ಆಪ್ಷನ್ ಇಲ್ಲ ಮೇಡಂ."

ಗೆಸ್ಟ್ ಅಂದರೆ ಓಟಿಪಿ ಬೇಕು, ಓಟಿಪಿಗೆ ಇಲ್ಲಿನ ನಂಬರ್ ಬೇಕು. ನನ್ನ ಅಮೆರಿಕದ ಫೋನಿಗೆ ಸಿಗ್ನಲ್ಲೇ ಇಲ್ಲ. ಇಂಟರ್‌ಕಾಮ್ ಎತ್ತಲು ತಮ್ಮನಿಗೆ ಪುರುಸೊತ್ತಿಲ್ಲ. ಪಾಪ, ಸೆಕ್ಯುರಿಟಿಯವರಿಗೇ ಮನಸ್ಸು ಕರಗಿತು. "ಡೆಲಿವರಿ ಅಂತ ಹಾಕ್ತೀನಿ ಮೇಡಂ, ಬೇಗ ಆಗತ್ತೆ."

ನಿಜವಾಗಿಯೂ ಬೇಗ ಆಯಿತು. ಅವರ ಫೋನ್ ಟಿಂಗ್ ಎಂದಿತು. ನೋಡಿದವರ ಮುಖ ಸಪ್ಪಗಾಯಿತು.

"ಏನಂತೆ?"

"'ಗೇಟ್ ಹತ್ರಾನೇ ಇಟ್ಟು ಹೋಗಿ' ಅಂತ ಬಂದಿದೆ ಮೇಡಂ."

ಪಾರ್ಸೆಲ್‌ಗಳ ನಡುವೆ ಜಾಗ ಮಾಡಿ ನನಗೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟರು. ಒಂದು ಕಡೆ ನಾಯಿ ತಿಂಡಿಯ ಮೂಟೆ, ಇನ್ನೊಂದು ಕಡೆ ಯಾರದೋ ಯೋಗಾ ಮ್ಯಾಟು. ಪಾರ್ಸೆಲ್ ತೆಗೆದುಕೊಳ್ಳಲು ಬಂದ ಒಬ್ಬರು ಆಂಟಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇದು ರಿಟರ್ನಾ?" ಎಂದು ಕೇಳಿದರು. ನನಗೆ ಅಳು ಬರುವುದೊಂದು ಬಾಕಿ.

ಒಂದು ಗಂಟೆ ಕಳೆದ ಮೇಲೆ ತಮ್ಮ, ಹವಾಯಿ ಚಪ್ಪಲಿ ಎಳೆದುಕೊಂಡು, ಫೋನಿನಿಂದ ಕಣ್ಣು ತೆಗೆಯದೆ ಇಳಿದು ಬಂದ.

"ನಂದೊಂದು ಪಾರ್ಸೆಲ್ ಬಂದಿತ್ತಲ್ಲ?"

ಸೆಕ್ಯುರಿಟಿಯವರು ನನ್ನ ಕಡೆ ಕೈ ತೋರಿಸಿ ರಿಜಿಸ್ಟರ್ ಮುಂದಿಟ್ಟರು.

"ಇಲ್ಲೇ ಇದೆ ಸಾರ್. ಒಂದು ಸೈನ್ ಮಾಡಿ, ತಗೊಂಡ್ ಹೋಗಿ."