ಕ್ರಿಸ್ಮಸ್ ಗಿಡಕ್ಕೆ ನೀರು ಬಿಡಲು ಹೋಗಿ

ನನಗೆ ಸಿಟ್ಟು ಬರುವುದಿಲ್ಲ. ಬರಿಸುವವರು ಸುತ್ತಲೂ ಇದ್ದಾರೆ, ಅಷ್ಟೇ. ಅವರ ಪೈಕಿ ಅಗ್ರಸ್ಥಾನ ನಿಪ್ಪಾಣಿಯ ನನ್ನ ಸಡ್ಡಕನಿಗೆ, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡನಿಗೆ ಸಲ್ಲಬೇಕು. ತಂಬಾಕು ವ್ಯಾಪಾರಿ. ಒಂದು ಡಿಸೆಂಬರಿನಲ್ಲಿ ಗಂಡಹೆಂಡತಿ ಯುರೋಪಿಗೆ ಹೋಗಿ, ಅಲ್ಲಿ ಊರ ಚೌಕಗಳಲ್ಲಿ ನಿಲ್ಲಿಸುವ ಭಾರೀ ಕ್ರಿಸ್ಮಸ್ ಗಿಡಗಳನ್ನು ನೋಡಿ ಬಂದರು. ಬಂದವರು ಸುಮ್ಮನಿರಬೇಕೋ ಬೇಡವೋ? ನಾವು ಯಾವ ಕೆಲಸಕ್ಕೆ ಅವರ ಮನೆಗೆ ಹೋದರೂ ಚಹಾ ಬರುವ ಮೊದಲೇ ಟಿವಿಯ ಮೇಲೆ ಗಿಡ ಬರುತ್ತಿತ್ತು. ಗಿಡದ ಮುಂದೆ ಸಡ್ಡಕ. ಸಡ್ಡಕನ ಹಿಂದೆ ಗಿಡ.

ಅದನ್ನಾದರೂ ಸಹಿಸಿಕೊಳ್ಳಬಹುದಿತ್ತು. ಆದರೆ ಅವನ ಹೆಂಡತಿ ನನ್ನ ಹೆಂಡತಿ ಸುಶೀಲಾಳ ಕಿವಿಯಲ್ಲಿ ಒಂದು ಮಾತು ಹಾಕಿದಳು.

"ದೀಪ ಹತ್ತಿದ ಗಿಡಾ ಟಿವ್ಯಾಗೂ ಕಾಣತೈತಿ ಬಿಡವಾ. ದೀಪ ಹತ್ತೂ ಹೊತ್ತಿನ್ಯಾಗ ಎದುರಿಗೆ ನಿಂತಿರಬೇಕು. ಕಣ್ಣಾಗ ನೀರ ಬರ್ತಾವು."

ಮನೆಗೆ ಬಂದ ಸುಶೀಲಾ ರೊಟ್ಟಿ ಬಡಿಯುತ್ತ, ನನ್ನ ಕಡೆ ನೋಡದೆಯೇ ಹೇಳಿದಳು. "ನಾ ಬಂಗಾರ ಕೇಳಿಲ್ಲ, ಸೀರಿ ಕೇಳಿಲ್ಲ. ಆ ದೀಪ ಹತ್ತೂದು ಒಂದ ಸಲ ನೋಡಬೇಕ್ರಿ."

"ಗಿಡದ ವಿಷಯ ನನಗ ಬಿಡು," ಎಂದೆ. "ಹುಟ್ಟಿದಾಗಿಂದ ಗಿಡದಾಗ ಅದೀನಿ."

ಈ ಮಾತು ಸುಳ್ಳಲ್ಲ. ಐಗಳಿಯಲ್ಲಿ ನನ್ನದು ದ್ರಾಕ್ಷಿ ತೋಟ. ಮರುವರ್ಷವೇ ಹೊರಟೆವು. ಕಾಯಿ ತುಂಬುವ ಡಿಸೆಂಬರಿನಲ್ಲಿ ತೋಟ ಬಿಟ್ಟು ಬೇರೆಯವರ ಗಿಡ ನೋಡಲು ವಿಮಾನ ಹತ್ತಿದ ದ್ರಾಕ್ಷಿ ಬೆಳೆಗಾರ ನಮ್ಮ ಅಥಣಿ ತಾಲೂಕಿನಲ್ಲಿ ಮತ್ತೊಬ್ಬ ಇರಲಿಕ್ಕಿಲ್ಲ. ತೋಟವನ್ನು ನಮ್ಮ ಆಳು ಈರಪ್ಪನ ಕೈಗೆ ಒಪ್ಪಿಸಿದೆ. ಹನಿ ನೀರಿನ ಕರಿ ಪೈಪು ಎಲ್ಲಾದರೂ ಮಡಚಿಕೊಂಡರೆ ಅದರ ಮುಂದಿನ ಗಿಡಗಳಿಗೆ ನೀರು ಹೋಗುವುದಿಲ್ಲ. ನನ್ನ ಅರ್ಧ ಆಯುಷ್ಯ ಬಗ್ಗಿ ಬಗ್ಗಿ ಆ ಪೈಪು ನೆಟ್ಟಗೆ ಮಾಡುವುದರಲ್ಲೇ ಹೋಗಿದೆ. ಹೀಗಾಗಿ ಪರದೇಶದಿಂದಲೂ ದಿನಾ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತಿದ್ದೆ.

"ಈರಪ್ಪಾ, ಪೈಪ್ ಮಡಚ್ಯಾವೇನ ನೋಡಿದೇನ?"

"ನೋಡೇನ್ರಿ ಗೌಡ್ರ. ನೀವು ಅಲ್ಲಿ ಗಿಡಾ ನೋಡ್ರಿ."

ಆದರೆ ನೋಡುವುದೆಲ್ಲಿ? ನಮ್ಮ ಟೂರಿನ ಬಸ್ಸಿನ ತುಂಬ ಚಿಕ್ಕೋಡಿ, ರಾಯಬಾಗ, ಕಾಗವಾಡ ಕಡೆಯ ಮಂದಿ. ನಮ್ಮನ್ನು ಮೇಯಿಸಲು ಕೊಲ್ಹಾಪುರದ ಪ್ರಸಾದ ಎಂಬ ಮ್ಯಾನೇಜರ್. ಮೊದಲನೆಯ ಊರಿಗೆ ನಟ್ಟನಡು ಮಧ್ಯಾಹ್ನ ತಂದು ಇಳಿಸಿದ. ನಮ್ಮೂರ ಮೊಬೈಲ್ ಟವರಿನಷ್ಟು ಎತ್ತರದ ಗಿಡ. ಒಂದು ದೀಪವೂ ಇಲ್ಲ.

"ಕಾಕಾ, ಸಂಜೀಕ ಹತ್ತತೈತ್ರಿ," ಎಂದ ಪ್ರಸಾದ. "ಆದ್ರ ಸಂಜೀಕ ನಾವು ಮುಂದಿನ ಊರಾಗ ಇರ್ತೀವಿ."

ನೀವೇ ಹೇಳಿ, ಇಂಥವನನ್ನು ಏನು ಮಾಡಬೇಕು? ನಾನು ಬಸ್ಸು ಹತ್ತುವವರೆಗೂ ಬೈದೆ, ಹತ್ತಿದ ಮೇಲೂ ಬೈದೆ. ಸುಶೀಲಾ ಮಾತ್ರ ಕಿಟಕಿಯಿಂದ ಆ ಬರೀ ಗಿಡವನ್ನೇ ತಿರುಗಿ ತಿರುಗಿ ನೋಡುತ್ತಿದ್ದಳು.

ಎರಡನೆಯ ಊರಿಗೆ ಸರಿಯಾದ ಹೊತ್ತಿಗೇ ಮುಟ್ಟಿದೆವು. ಬೂಟು ಹಾಕಿಕೊಳ್ಳಿರೆಂದು ಪ್ರಸಾದ ಎಲ್ಲರಿಗೂ ಹೇಳಿದ್ದ. ಬೂಟು ಕಾಲು ಕಚ್ಚುತ್ತದೆ. ನಾನು ಅಥಣಿಯಲ್ಲಿ ಹೊಲಿಸಿದ ಚರ್ಮದ ಚಪ್ಪಲಿಯಲ್ಲೇ ಇಳಿದೆ. ಈ ಚಪ್ಪಲಿ ಮುಳ್ಳಿಗೆ ಬಗ್ಗಿಲ್ಲ, ಕಲ್ಲಿಗೆ ಬಗ್ಗಿಲ್ಲ, ಹಿಮ ಯಾವ ಲೆಕ್ಕ ಎಂಬುದು ನನ್ನ ವಿಚಾರವಾಗಿತ್ತು. ಹಿಮದ ವಿಚಾರ ಬೇರೆಯಿತ್ತು. ಚೌಕದ ನಡುವೆ ನಾನು ದಪ್ಪನೆ ಕುಂಡಿಯ ಮೇಲೆ ಕೂತೆ. ನಮ್ಮ ಮಂದಿಯೆಲ್ಲ ಓಡಿ ಬಂದು ಸುತ್ತಲೂ ನಿಂತರು. ಒಬ್ಬರು ನೀರು ತಂದರು, ಒಬ್ಬರು ಮುಲಾಮು ತೆಗೆದರು, ಸುಶೀಲಾ ಸೊಂಟ ತಿಕ್ಕತೊಡಗಿದಳು. ಆಗ ಅವರ ಬೆನ್ನ ಹಿಂದೆ ಜನ ಹೋ ಎಂದರು. ಎಲ್ಲರೂ ತಿರುಗುವಷ್ಟರಲ್ಲಿ ಗಿಡ ಹತ್ತಿಬಿಟ್ಟಿತ್ತು. ಬಸ್ಸಿನ ಮಂದಿಯಲ್ಲಿ ಒಬ್ಬರೂ ಅದು ಹತ್ತಿದ್ದನ್ನು ನೋಡಲಿಲ್ಲ. ಎಲ್ಲರೂ ನನ್ನನ್ನು ನೋಡುತ್ತಿದ್ದರು.

ಅಂದು ಊಟದ ಮೇಜಿನಲ್ಲಿ ನನ್ನ ಪಕ್ಕ ಯಾರೂ ಕೂಡಲಿಲ್ಲ. ನನಗೂ ಸಿಟ್ಟು ಬಂತು. ಬಿದ್ದವನು ನಾನು, ನೊಂದವನು ನಾನು, ಇವರಿಗೇನು ಧಾಡಿ?

ಉಳಿದದ್ದು ಒಂದೇ ಊರು, ಒಂದೇ ಗಿಡ. ಅಲ್ಲಿಗೆ ಹೊರಡುವ ದಿನ ನಾನು ಬೂಟಿನ ಅಂಗಡಿ ತೋರಿಸೆಂದು ಪ್ರಸಾದನ ಬೆನ್ನು ಹತ್ತಿದೆ. ಈ ಸಲ ಬೀಳಬಾರದೆಂಬ ಒಳ್ಳೆಯ ಉದ್ದೇಶ. ಅಂಗಡಿಯವನು ತಂದ ಬೂಟೆಲ್ಲ ದೋಣಿಯ ಹಾಗೆ ಉದ್ದ, ಅಡ್ಡಗಲಕ್ಕೆ ಜಾಗವೇ ಇಲ್ಲ. ನಮ್ಮ ಕಾಲು ಮಣ್ಣಲ್ಲಿ ಬೆಳೆದದ್ದು, ಅಗಲವಾಗಿಯೇ ಇರುತ್ತದೆ ಎಂದು ನಾನು ವಾದ ಮಾಡುತ್ತಿದ್ದರೆ ಹೊರಗೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಹಳೇ ಚಪ್ಪಲಿಯಲ್ಲೇ ಬಸ್ಸು ಹತ್ತಿದೆ.

ಮುಟ್ಟಿದಾಗ ಗಿಡ ಝಗಝಗ ಹತ್ತಿ ನಿಂತಿತ್ತು. ಮಂದಿ ಫೋಟೊ ತೆಗೆಯಲು ಓಡಿದರು. ಸುಶೀಲಾ ಬಸ್ಸಿನ ಬಾಗಿಲಲ್ಲೇ ನಿಂತಳು.

"ಹತ್ತಿ ಬಿಟ್ಟೈತ್ರಿ," ಎಂದಳು. ಇಷ್ಟೇ. ಒಂದು ಬೈಗುಳವಿಲ್ಲ. ಬೈದಿದ್ದರೆ ನಾನು ತಿರುಗಿ ಬೈದು ಹಗುರಾಗುತ್ತಿದ್ದೆ. ಬೈಯಲಿಲ್ಲ. ಸಿಟ್ಟು ನನ್ನಲ್ಲೇ ಉಳಿಯಿತು. ಆ ಸಿಟ್ಟನ್ನು ಯಾರ ಮೇಲೆ ತೀರಿಸಲಿ? ಎಲ್ಲದಕ್ಕೂ ಮೂಲ ಗಿಡವೇ ಅಲ್ಲವೇ? ಅದರಲ್ಲಿ ಅಂಥದ್ದೇನಿದೆ ನೋಡಿಯೇ ಬಿಡುತ್ತೇನೆಂದು ದರದರ ನಡೆದು, ಸುತ್ತ ಹಾಕಿದ್ದ ಗಿಡ್ಡ ಕಟಾಂಜನ ದಾಟಿ ಬುಡಕ್ಕೆ ಹೋದೆ.

ನೋಡಿದರೆ ಅದಕ್ಕೆ ಬೇರೇ ಇಲ್ಲ! ಕಡಿದು ತಂದು ಕಬ್ಬಿಣದ ಗೂಡಿನಲ್ಲಿ ನೆಟ್ಟಿದ್ದಾರೆ. ಸೂಜಿಯಂಥ ಎಲೆ ಉದುರಿ ಬುಡದಲ್ಲಿ ರಾಶಿಯಾಗಿದೆ. ಸತ್ತ ಗಿಡದ ದರ್ಶನಕ್ಕೆ ನನ್ನ ಬದುಕಿದ ಗಿಡಗಳನ್ನು ಬಿಟ್ಟು ಬಂದೆನೇ? ಹಲ್ಲು ಕಡಿದೆ. ಆದರೂ ಬೆಳೆಗಾರನ ಕರುಳು ನೋಡಿ. ಅಷ್ಟರಲ್ಲಿ ಕೊಂಬೆಯ ಕೆಳಗೆ ಕರಿ ಪೈಪು ಕಂಡಿತು. ಹೂದಾನಿಯ ಹೂವಿನ ಹಾಗೆ ಇದಕ್ಕೂ ನೀರು ಕೊಡುತ್ತಿದ್ದಾರೆ ಅಂದುಕೊಂಡೆ. ಪೈಪು ಒಂದು ಕಡೆ ಚೆನ್ನಾಗಿ ಮಡಚಿಕೊಂಡಿತ್ತು.

ಎಲೆ ಉದುರದೆ ಇನ್ನೇನಾದೀತು? ಇಂಥಾ ದೊಡ್ಡ ದೇಶ, ಒಂದು ಪೈಪು ನೋಡಿಕೊಳ್ಳುವ ಈರಪ್ಪ ಇಲ್ಲವಲ್ಲ! ನಾನು ಬಗ್ಗಿ, ರೂಢಿಯ ಪ್ರಕಾರ ಎರಡೂ ಕೈಯಿಂದ ಹಿಡಿದು, ಝಾಡಿಸಿ ಎಳೆದೆ.

ಇಡೀ ಗಿಡ ಆರಿತು.

ಚೌಕದ ಮಂದಿಯೆಲ್ಲ ಒಮ್ಮೆಲೇ ಅಯ್ಯೋ ಎಂದರು. ಯಾವ ಭಾಷೆಯಲ್ಲಿ ಎಂದರೋ ಗೊತ್ತಿಲ್ಲ, ಅರ್ಥವಾಯಿತು. ನನ್ನ ಕೈಯಲ್ಲಿದ್ದದ್ದು ಕರೆಂಟಿನ ವಾಯರು. ಆಗಲೇ ಒಬ್ಬ ಆಜಾನುಬಾಹು ಕಾವಲುಗಾರ ಬಂದು ನನ್ನ ರಟ್ಟೆ ಹಿಡಿದ. ನನಗೆ ಬರುವ ಇಂಗ್ಲಿಷಿನಲ್ಲಿ "ವಾಟರ್, ವಾಟರ್" ಎಂದು ಕರೆಂಟಿನ ಡಬ್ಬಿಯ ಕಡೆ ಬೆರಳು ತೋರಿಸಿದೆ. ಅದನ್ನು ಕೇಳಿ ಅವನ ಮುಖ ಇನ್ನೂ ಬೆಳ್ಳಗಾಯಿತು.

ಪ್ರಸಾದ ತಲೆ ಹಿಡಿದುಕೊಂಡು ಓಡಿ ಬಂದ. "ಕಾಕಾ, ಕಾಯ್ ಕೇಲಂತ್ ಹೇ! ಏನ್ ಮಾಡಿದ್ರಿ ಇದು!"

"ನೀ ಸರಿಯಾದ ಹೊತ್ತಿಗೆ ಕರಕೊಂಡು ಬಂದಿದ್ರ ನಾ ಯಾಕ ಮುಟ್ಟತಿದ್ದೆ?" ಎಂದು ಅವನ ಮೇಲೇ ಏರಿ ಹೋದೆ. ರಟ್ಟೆ ಇನ್ನೂ ಕಾವಲುಗಾರನ ಕೈಯಲ್ಲೇ ಇತ್ತು.

ನನ್ನನ್ನು ಒಂದು ತಾಡಪತ್ರಿಯ ಡೇರೆಯೊಳಗೆ ಕೂಡಿಸಿದರು. ನಾನು ರೈತ, ಕೆಟ್ಟವನಲ್ಲ, ಕೆಡಿಸುವವನು ಮಾತ್ರ ಎಂಬ ಅರ್ಥದಲ್ಲಿ ಪ್ರಸಾದ ಕೈಮುಗಿದು ಏನೇನೋ ಹೇಳುತ್ತಿದ್ದ. ಅಷ್ಟರಲ್ಲಿ ಹೊರಗೆ ಜನ ಒಂದೇ ದನಿಯಲ್ಲಿ ಎಣಿಸತೊಡಗಿದರು. ಆಮೇಲೆ ಹೋ ಎಂಬ ಕೂಗು, ಚಪ್ಪಾಳೆ. ತಾಡಪತ್ರಿಯ ಮೇಲೆ ಸ್ವಲ್ಪ ಬೆಳಕು ಬಿತ್ತು. ನನಗೆ ಕಂಡದ್ದು ಅಷ್ಟೇ.

ಬಿಟ್ಟ ಮೇಲೆ ಹೊರಗೆ ಬಂದರೆ ಸುಶೀಲಾ ಗಿಡದ ಎದುರಿಗೇ ನಿಂತಿದ್ದಳು. ಕಣ್ಣು ಒದ್ದೆ.

"ಹತ್ತಿತ್ರಿ," ಎಂದಳು. "ಬುಡದಿಂದ ಸುತ್ತಿ ಸುತ್ತಿ ಏರಿ, ತುದಿಗಿ ಹೋಗಿ ಆಕಾಶದಾಗಿನಂಥಾ ಚಿಕ್ಕಿ ಹತ್ತಿತು. ನೀವ್ ನೋಡಿದ್ರಿಲ್ಲ?"

"ತಾಡಪತ್ರಿ ನೋಡಿದೆ," ಎಂದೆ. ಅವಳ ಮುಖ ನೋಡಿ ನನ್ನ ಜೀವಕ್ಕೆ ತಂಪಾಯಿತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಇಷ್ಟೆಲ್ಲ ಒದ್ದಾಡಿದವನಿಗೆ ಮಾತ್ರ ಕಾಣಲಿಲ್ಲವಲ್ಲ ಎಂದು ಮರುಗಳಿಗೆಯೇ ಮತ್ತೆ ಉರಿಯಿತು.

ಊರಿಗೆ ಬಂದ ಮೇಲೆ ನಿಪ್ಪಾಣಿಗೆ ಹೋದೆವು. ಸಡ್ಡಕ ಟಿವಿಯ ಕಡೆ ಕೈ ಹಾಕುವ ಮೊದಲೇ ಸುಶೀಲಾ ಶುರು ಮಾಡಿದಳು. "ಅಕ್ಕಾ, ನಿಮಗ ಒಂದ ಸಲ ಹಚ್ಚಿದ್ರು. ನಮ್ಮನಿಯವರು ನನ್ನ ಸಲವಾಗಿ ಆರಿಸಿ ಮತ್ತೊಮ್ಮೆ ಹಚ್ಚಿಸಿದ್ರು ನೋಡ." ಸಡ್ಡಕ ಅಂದು ಟಿವಿ ಹಚ್ಚಲೇ ಇಲ್ಲ. ಬದುಕಿನಲ್ಲಿ ನಾನು ಗೆದ್ದ ಗಳಿಗೆ ಅದೊಂದೇ. ಆದರೆ ಅವಳು ನಿಪ್ಪಾಣಿಗೇ ನಿಲ್ಲಿಸಲಿಲ್ಲ. ಹಿಟ್ಟಿನ ಗಿರಣಿಯಲ್ಲಿ ಹೇಳಿದಳು, ಮಠದಲ್ಲಿ ಹೇಳಿದಳು, ಭಜನೆಯ ಹೆಂಗಸರಿಗೆ ಅಭಿನಯ ಸಹಿತ ಹೇಳಿದಳು.

ಮೊನ್ನೆ ತೋಟಕ್ಕೆ ಹೋದೆ. ಒಂದು ಸಾಲಿನಲ್ಲಿ ಗಿಡ ಬಾಡಿದ್ದವು. ಬುಡದಲ್ಲಿ ನೋಡಿದರೆ ಪೈಪು ಮಡಚಿಕೊಂಡಿದೆ. ದಿನಾ ಫೋನಿನಲ್ಲಿ ನೋಡೇನ್ರಿ ಅಂದದ್ದು ಇದನ್ನೇ? ಈರಪ್ಪನಿಗೆ ಬಾಯಿಗೆ ಬಂದಂತೆ ಬೈಯುತ್ತ, ಬಗ್ಗಿ ಎರಡೂ ಕೈಯಿಂದ ಪೈಪು ಹಿಡಿದೆ.

ಈರಪ್ಪ ಗಾಬರಿಯಿಂದ ಓಡಿ ಬಂದ. "ಗೌಡ್ರ, ತಡೀರಿ. ಮೊದಲ ಕರೆಂಟ್ ಬಂದ್ ಮಾಡಿ ಬರ್ತೀನಿ."