ಭೂಗೋಳದ ಮೇಷ್ಟ್ರ ಚಪ್ಪರ

ಮೂವತ್ತೊಂದು ವರ್ಷ ಭೂಗೋಳ ಪಾಠ ಹೇಳಿ ನಿವೃತ್ತನಾದವನ ಮೇಲೆ ಸೂರ್ಯನಾರಾಯಣ ಹೀಗೆ ಸೇಡು ತೀರಿಸಿಕೊಳ್ಳಬಾರದಿತ್ತು. ನಾನು ಅವನಿಗೇನು ಅನ್ಯಾಯ ಮಾಡಿದ್ದೆ? ಅವನು ಮೂಡಣದಲ್ಲಿ ಹುಟ್ಟಿ ಪಡುವಣದಲ್ಲಿ ಮುಳುಗುತ್ತಾನೆಂದು ವರ್ಷವರ್ಷವೂ ತಪ್ಪಿಲ್ಲದೆ ಹೇಳಿಕೊಟ್ಟಿದ್ದೆ. (ಹೇಳಿಕೊಡುವುದು ಬೇರೆ, ನೆನಪಿಟ್ಟುಕೊಳ್ಳುವುದು ಬೇರೆ ಎಂದು ಈಗ ಗೊತ್ತಾಗಿದೆ.)

ನನ್ನ ಹೆಂಡತಿ ನಾಗರತ್ನ ಕೆರಗೋಡಿನ ನಮ್ಮ ಬೀದಿಯ ಅಂಗನವಾಡಿ ಟೀಚರು. ಅಂಗಳದಲ್ಲಿದ್ದ ಹೊಂಗೆಮರ ಕಳೆದ ವರ್ಷ ಗಾಳಿಗೆ ಉರುಳಿತು. ಮಾರ್ಚ್ ಬಂದದ್ದೇ ತಡ, ಅಂಗಳ ಕಾದ ಹೆಂಚಾಯಿತು. ಒಂದು ದಿನ ಆಟದ ನಡುವೆ ನಾಲ್ಕು ವರ್ಷದ ಶೋಭಿತಾ ತಲೆ ಸುತ್ತಿ ಕೂತುಬಿಟ್ಟಳು. ನೀರು ಕುಡಿಸಿ ಒಳಗೆ ಮಲಗಿಸಿದ ಮೇಲೆ ಅವಳು ಚೇತರಿಸಿಕೊಂಡಳು. ಅವಳ ಅಜ್ಜಿ ಮರಿತಾಯಮ್ಮ ಚೇತರಿಸಿಕೊಳ್ಳಲಿಲ್ಲ.

"ಏನ್ ಟೀಚರಮ್ಮ, ನಮ್ ಐಕ್ಳೇನು ಅಪ್ಳ ಸಂಡ್ಗೆನಾ, ಬಿಸ್ಲಲ್ಲಿ ಒಣಾಕಕ್ಕೆ? ನೆಳ್ಳು ಮಾಡೋಗಂಟ ನಮ್ ಮಗೀನ ಕಳ್ಸಕಿಲ್ಲ ಕಣಮ್ಮ!"

ಮರುದಿನ ಹದಿನೆಂಟು ಮಕ್ಕಳಲ್ಲಿ ಬಂದದ್ದು ಒಂಬತ್ತು. ಮಕ್ಕಳು ಕಮ್ಮಿಯಾದರೆ ಕೇಂದ್ರವನ್ನು ಮುಚ್ಚಿ ಆಚೆ ಬೀದಿಯ ಕೇಂದ್ರಕ್ಕೆ ಸೇರಿಸುತ್ತಾರೆಂಬ ಗುಲ್ಲು ಮೊದಲೇ ಇತ್ತು. ಬರುವ ಗುರುವಾರ ಮಂಡ್ಯದಿಂದ ಹೊಸ ಸೂಪರ್‌ವೈಸರ್ ಬೇರೆ ಬರುವವರಿದ್ದರು. ಇಪ್ಪತ್ತೆರಡು ವರ್ಷ ನಡೆಸಿದ ಕೇಂದ್ರ. ನಾಗರತ್ನ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ಅಳಬೇಡ ಕಣೇ. ಭಾನುವಾರ ನಾನೇ ನಿಂತು ಚಪ್ಪರ ಹಾಕಿಸ್ತೀನಿ."

ಅಳು ತಕ್ಷಣ ನಿಂತಿತು. "ಅಯ್ಯೋ, ನೀವು ಕೈ ಹಾಕ್ಬೇಡಿ ಕಣ್ರೀ! ಹೊನ್ನಯ್ಯಂಗೆ ಹೇಳಿದ್ರೆ ಅವ್ನೇ ಹಾಕ್ತಾನೆ."

ಆದರೆ ನಾನು ಆಗಲೇ ಅಖಿಲ ಕೆರಗೋಡು ಛಾಯಾ ನಿರ್ಮಾಣ ಮಹಾಮಂಡಳಿಯ ಅಧ್ಯಕ್ಷನಾಗಿದ್ದೆ. (ಸದಸ್ಯರು ಯಾರೂ ಇರಲಿಲ್ಲ.)

ಭಾನುವಾರ ಹೊನ್ನಯ್ಯ ಬಂದ. ಸುತ್ತಮುತ್ತಲ ಮದುವೆಗಳಿಗೆಲ್ಲ ಚಪ್ಪರ ಹಾಕುವವನು ಅವನೇ. ಕಂಬ, ತೆಂಗಿನ ಗರಿ ಎಲ್ಲ ಇಳಿಸಿ ಆಕಾಶ ನೋಡಿದ. ಆಗ ಸಂಜೆ ನಾಲ್ಕು ಗಂಟೆ. ನಾನು ಪಡುವಣದ ಗೋಡೆ ಪಕ್ಕ ಒಂದು ಗಳ ಎತ್ತಿ ಹಿಡಿಸಿದೆ. ಅದರ ತುದಿಯ ನೆರಳು ಸರಿಯಾಗಿ ಅಂಗಳದ ನಟ್ಟನಡುವೆ ಬಿತ್ತು.

"ಇಲ್ಲೇ ನೆಡು. ಹನ್ನೆರಡು ಅಡಿ ಎತ್ತರ ಇರಲಿ," ಎಂದು ಅಪ್ಪಣೆ ಕೊಟ್ಟೆ.

"ಬ್ಯಾಡಿ ಮೇಷ್ಟ್ರೇ. ಬೆಳಿಗ್ಗೆ ಒತ್ತು ನೆಳ್ಳು ಪಡ್ಲಾಗ್ ಬೀಳ್ತದೆ. ಒಸಿ ಮೂಡ್ಲಾಗ್ ನೆಡಣ, ತಗ್ಗುಸ್ಕಂಡು."

"ಲೋ ಹೊನ್ನಯ್ಯ, ನನಗೇ ಭೂಗೋಳ ಹೇಳ್ತೀಯಾ?"

"ಇಲ್ಲ ಬುಡಿ, ನಂಗ್ಯಾಕೆ," ಎಂದು ಅವನು ಗುಂಡಿ ತೋಡತೊಡಗಿದ. ಗಾಳಿಗೆ ಅಲ್ಲಾಡಬಾರದೆಂದು ಕಂಬಗಳ ಬುಡಕ್ಕೆ ಸಿಮೆಂಟನ್ನೂ ಸುರಿಸಿದೆ. ಚಪ್ಪರ ಎದ್ದ ಮೇಲೆ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು, ನಾನೇ ಸೃಷ್ಟಿಸಿದ ತಂಪಿನಲ್ಲಿ ಕಾಫಿ ಕುಡಿದು, ಮನೆಮನೆಗೂ ಹೋಗಿ ಮಕ್ಕಳನ್ನು ಕಳಿಸಿ ಎಂದು ಸಾರಿ ಬಂದೆ.

ಸೋಮವಾರ ಹದಿನೆಂಟೂ ಮಕ್ಕಳು ಬಂದವು. ಮರಿತಾಯಮ್ಮನೂ ಪರೀಕ್ಷೆಗೆಂದು ಬಂದಳು. ಹತ್ತೂವರೆಗೆ ಆಟದ ಗಂಟೆ ಹೊಡೆಯಿತು. ಅಂಗಳದಲ್ಲಿ ನೆರಳೇ ಇಲ್ಲ! ಚಪ್ಪರ ತಲೆಯೆತ್ತಿ ನಿಂತಿದೆ, ಅದರ ಕೆಳಗೂ ಚುರುಚುರು ಬಿಸಿಲು.

"ಬನ್ನಿ ಮೇಷ್ಟ್ರೇ! ಏನ್ ತಂಪು ಅಂತೀರಾ!" ಪಡುವಣದ ಗೋಡೆಯಾಚೆಯಿಂದ ದನಿ ಬಂತು. ಇಣುಕಿದರೆ, ಪಕ್ಕದ ಮನೆಯ ಹುಚ್ಚೀರಯ್ಯ ತನ್ನ ಹಿತ್ತಿಲಲ್ಲಿ ಚಾಪೆ ಹಾಸಿಕೊಂಡು ಮಲಗಿದ್ದಾನೆ. ಅವನ ಎರಡು ಸೀಮೆಹಸು, ಒಂದು ಕರು ಕಣ್ಣು ಮುಚ್ಚಿ ಮೆಲುಕು ಹಾಕುತ್ತಿವೆ. ನನ್ನ ಚಪ್ಪರದ ನೆರಳು ಒಂದಿಂಚೂ ಪೋಲಾಗದೆ ಅವರ ಮೇಲೆ ಬಿದ್ದಿದೆ.

ಮರಿತಾಯಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಏನ್ ಮೇಷ್ಟ್ರೇ, ದನಗೋಳ್ಗೆ ಅಂಗನವಾಡಿ ಮಾಡಿದ್ರಾ?"

ನಾಗರತ್ನ ಒಮ್ಮೆ ಚಪ್ಪರ ನೋಡಿದಳು. ಒಮ್ಮೆ ನನ್ನನ್ನು ನೋಡಿದಳು. ಆ ನೋಟಕ್ಕಿಂತ ಬಿಸಿಲೇ ವಾಸಿ.

ಅಷ್ಟರಲ್ಲಿ ಶೋಭಿತಾ ಗೋಡೆ ಒಡೆದಿದ್ದ ಸಂದಿಯಲ್ಲಿ ನುಸುಳಿ ಕರುವಿನ ಬಳಿ ಕುಳಿತಿದ್ದಳು. ಅವಳ ಹಿಂದೆ ಒಂದೊಂದಾಗಿ ಹದಿನೇಳು! ನಾಗರತ್ನ ಸೆರಗು ಸಿಕ್ಕಿಸಿ ತಾನೂ ನುಸುಳಿದಳು.

"ಹುಚ್ಚೀರಣ್ಣ, ಬೇಸ್ಗೆ ಮುಗಿಯೋಗಂಟ ದಿನಾ ಒಂದ್ ಗಂಟೆ ಮಕ್ಳು ಇಲ್ಲಿ ಆಡ್ಕಳ್ಳಿ?"

"ಅದ್ಕೇನವ್ವ, ಆಡ್ಕಳ್ಳಿ. ಆದ್ರೆ ಅಸ ಆಚೆ ಕಟ್ಟಿ, ಸಗ್ಣಿ ಬಾಚಿ, ದಿನಾ ಗುಡ್ಸಿ ಕೊಡೋರ್ಯಾರು? ನಂಗೆ ಸೊಂಟ ಬಗ್ಗಾಕಿಲ್ಲ."

ಹದಿನೆಂಟು ಮಕ್ಕಳು, ಇಬ್ಬರು ಹೆಂಗಸರು, ಒಬ್ಬ ಮುದುಕ, ಎಲ್ಲರೂ ನನ್ನತ್ತ ತಿರುಗಿದರು. (ಕರು ಮಾತ್ರ ಮರ್ಯಾದೆಯಿಂದ ಬೇರೆ ಕಡೆ ನೋಡುತ್ತಿತ್ತು.)

ಗುರುವಾರ ಸೂಪರ್‌ವೈಸರ್ ಶ್ವೇತ ಮೇಡಂ ಬಂದಾಗ ನಾನು ಪಂಚೆ ಮೇಲೆ ಕಟ್ಟಿ, ತಲೆಗೆ ಟವೆಲ್ ಸುತ್ತಿ, ಮಂಕರಿ ತುಂಬ ಸಗಣಿ ಹೊತ್ತು ನಿಂತಿದ್ದೆ. ಮಕ್ಕಳು ಗುಡಿಸಿದ ಹಿತ್ತಿಲಲ್ಲಿ, ತಣ್ಣನೆ ನೆರಳಿನಲ್ಲಿ ಕುಣಿಯುತ್ತಿದ್ದವು. ಮೇಡಂ ತಲೆ ಎಣಿಸಿ ಹಾಜರಿ ಪುಸ್ತಕಕ್ಕೆ ಸಹಿ ಹಾಕಿದರು.

"ಹದಿನೆಂಟಕ್ಕೆ ಹದಿನೆಂಟು! ಇಂಥ ಕೇಂದ್ರ ಯಾರು ಮುಚ್ತಾರೆ?" ಎಂದವರೇ ಹುಚ್ಚೀರಯ್ಯನಿಗೆ ಕೈಮುಗಿದರು. "ಯಜಮಾನ್ರೇ, ಮಕ್ಕಳಿಗೆ ನೆರಳು ಕೊಟ್ಟಿದ್ದೀರಿ, ದೊಡ್ಡ ಮನಸ್ಸು ನಿಮ್ಮದು."

"ಏನೋ ನಮ್ ಕೈಲಾದ್ದು ಮೇಡಮ್ಮೋರೇ," ಎಂದು ಆ ಪುಣ್ಯಾತ್ಮ ನಾಚಿಕೊಂಡ.

ಮೇಡಂ ಅವನನ್ನು ಮಕ್ಕಳ ನಡುವೆ ನಿಲ್ಲಿಸಿ ಫೋಟೋ ತೆಗೆದರು. "ನೀನು ಸ್ವಲ್ಪ ಆಚೆ ಹೋಗಪ್ಪ, ಮಂಕರಿ ಬೀಳುತ್ತೆ," ಎಂದರು ನನಗೆ. ಆಮೇಲೆ ನಾಗರತ್ನಳತ್ತ ತಿರುಗಿ, "ಆಳು ಪರವಾಗಿಲ್ಲ, ನೀಟಾಗಿ ಗುಡಿಸ್ತಾನೆ. ಯಾರಿವನು ಟೀಚರ್?" ಎಂದರು.

ಮಾನ ಉಳಿಸು ಎಂಬಂತೆ ಹೆಂಡತಿಯ ಮುಖ ನೋಡಿದೆ. ಎಷ್ಟೋ ದಿನಗಳ ಮೇಲೆ ಅವಳು ನಗುತ್ತಿದ್ದಳು.

"ನಮ್ಮ ಯಜಮಾನ್ರೇ ಮೇಡಂ. ಹೇಳಿದ್ ಕೆಲ್ಸ ಚೆನ್ನಾಗ್ ಮಾಡ್ತಾರೆ. ಹೇಳ್ದೆ ಇರೋದಕ್ಕೆ ಕೈ ಹಾಕೋಕ್ ಬುಡ್ಬಾರ್ದು, ಅಷ್ಟೆ."

ಹದಿನೆಂಟು ಮಕ್ಕಳೂ ಚಪ್ಪಾಳೆ ತಟ್ಟಿದವು. ಟೀಚರು ಒಳ್ಳೆ ಮಾತು ಹೇಳಿದಾಗ ಚಪ್ಪಾಳೆ ತಟ್ಟಬೇಕೆಂದು ಅವಳು ಕಲಿಸಿದ್ದಾಳೆ.